ಮಜಲಿನ ಓಟ

ಒಬ್ಬನ ಕಾಲಿಗೆ ಎಟುಕದ ದೂರವನ್ನು ಹಲವರು ಹಂಚಿಕೊಂಡು ದಾಟುವುದು ಮನುಷ್ಯನ ಬಹು ಹಳೆಯ ಉಪಾಯಗಳಲ್ಲೊಂದು. ಪಾರಸಿಕ ದೊರೆಗಳ ಅಂಚೆಯಲ್ಲಿ ಒಂದೊಂದು ದಿನದ ದಾರಿಗೂ ಒಂದು ಕುದುರೆಯೂ ಒಬ್ಬ ಸವಾರನೂ ಸಿದ್ಧವಾಗಿರುತ್ತಿದ್ದುದನ್ನು ಯವನ ಚರಿತ್ರಕಾರನಾದ ಹೆರೊಡೋಟಸನು ವರ್ಣಿಸಿ, ಅದನ್ನು ತನ್ನ ನಾಡಿನ ಪಂಜಿನ ಓಟಕ್ಕೆ ಹೋಲಿಸಿದ್ದಾನೆ. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ನೆಲೆಗೊಳಿಸಿದ ಅಂಚೆಯೂ ಇದೇ ಜಾತಿಯದು. ಅಂಚೆಯವನು ತನ್ನ ಮಜಲನ್ನು ಓಡಿ ಮುಗಿಸಿ ಚೀಲವನ್ನು ಮುಂದಿನವನ ಹೆಗಲಿಗೆ ಏರಿಸಿದನೆಂದರೆ ಅವನ ಕೆಲಸ ತೀರಿತು. ಓಲೆಯು ಮಾತ್ರ ನಿಲ್ಲದು. ಅದು ಯಾರದು, ಅದರಲ್ಲಿರುವುದು ಶುಭವೋ ಅಶುಭವೋ, ಅವನು ಅರಿಯನು. ಕೈಗೆ ಬಂದುದನ್ನು ಕೆಡದಂತೆ ಇನ್ನೊಂದು ಕೈಗೆ ಒಪ್ಪಿಸುವುದೇ ಅವನ ಧರ್ಮ.

ಈ ಹಳೆಯ ಕಾಯಕವು ಗೆಳೆಯರ ಪಂದ್ಯವಾಗಿ ಮಾರ್ಪಟ್ಟ ಬಗೆಯನ್ನು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿಯವರು ಇದನ್ನು ಎಕಿದೆನ್ ಎನ್ನುತ್ತಾರೆ. ‘ಎಕಿ’ ಎಂದರೆ ದಾರಿಯ ಠಾಣೆ. ‘ದೆನ್’ ಎಂದರೆ ದಾಟಿಸುವುದು, ತಲುಪಿಸುವುದು. ಎಂಟನೆಯ ಶತಮಾನದಷ್ಟು ಹಿಂದೆಯೇ ಆ ದೇಶದ ಹೆದ್ದಾರಿಗಳಲ್ಲಿ ಸರಕಾರದ ಠಾಣೆಗಳೂ ಕುದುರೆಗಳೂ ಇದ್ದುವು. ಮುಂದೆ ಎದೊ ನಗರಕ್ಕೂ ಕ್ಯೋಟೋಗೂ ನಡುವಣ ತೊಕೈದೊ ಮಾರ್ಗದಲ್ಲಿ 53 ಠಾಣೆಗಳು ಏರ್ಪಟ್ಟು, ಕಾಗದಪತ್ರಗಳನ್ನು ಹೊತ್ತು ಓಡುವ ಹರಿಕಾರರು ಹಗಲಿರುಳೂ ಅಲ್ಲಿ ಸಂಚರಿಸುತ್ತಿದ್ದರು. 1889ರಲ್ಲಿ ಆ ಮಾರ್ಗದ ಉದ್ದಕ್ಕೂ ರೈಲುದಾರಿ ಪೂರ್ಣವಾಯಿತು. ಮೈಸೂರಿನ ಅಂಚೆಯು ಬ್ರಿಟಿಷ್ ಸರಕಾರದ ಅಂಚೆಯೊಡನೆ ಸೇರಿಹೋದುದೂ ಅದೇ 1889ರಲ್ಲಿ. ಎರಡು ನಾಡುಗಳ ಹಳೆಯ ಏರ್ಪಾಡುಗಳೂ ಹಿಂದೆ ಸರಿದುವು. ನಮ್ಮಲ್ಲಿ ಅಂಚೆಯವನ ಗೆಜ್ಜೆಯ ಸದ್ದು ಮುದುಕರ ನೆನಪಿನಲ್ಲಿ ಉಳಿದು ಅಡಗಿತು. ಅಲ್ಲಿ ಅದು ಬೇರೊಂದು ರೂಪದಲ್ಲಿ ಮರಳಿ ಹುಟ್ಟಿತು.

ರಾಜಧಾನಿಯು ಕ್ಯೋಟೋದಿಂದ ಟೋಕಿಯೋಗೆ ಬಂದ 50ನೆಯ ವರುಷದ ಉತ್ಸವಕ್ಕಾಗಿ ಯೊಮಿಯುರಿ ಪತ್ರಿಕೆಯವರು 1917ರಲ್ಲಿ ಒಂದು ಓಟವನ್ನು ಏರ್ಪಡಿಸಿದರು. ಇದರ ಕಲ್ಪನೆಯು ಆ ಪತ್ರಿಕೆಯಲ್ಲಿದ್ದ ತೊಕಿ ಜೆನ್‌ಮಾರೊ ಎಂಬ ಕವಿಯದು. ಏಪ್ರಿಲ್ 27ರಂದು ಕ್ಯೋಟೋದ ಸಾಂಜೊ ಸೇತುವೆಯಿಂದ ಎರಡು ತಂಡಗಳು ಹೊರಟುವು. 500 ಕಿಲೋಮೀಟರಿಗೂ ಮಿಕ್ಕ ದಾರಿ, 23 ಮಜಲು, ರಾತ್ರಿಯೂ ತಂಗುವುದಿಲ್ಲ. ಗೆದ್ದ ಕಾಂತೊ ಪ್ರಾಂತದ ತಂಡವು ಸುಮಾರು 42 ಗಂಟೆಗಳಲ್ಲಿ ಟೋಕಿಯೋದ ಉಎನೊವನ್ನು ಸೇರಿತು. ಸೋತ ತಂಡದ ಕಟ್ಟಕಡೆಯ ಮಜಲನ್ನು ಓಡಿದಾತನು ಹಿಬಿನೊ ಎಂಬ ಐವತ್ತರ ವಯಸ್ಸಿನ ಗೃಹಸ್ಥನು. ಆಯಿಚಿಯ ಮಾಧ್ಯಮಿಕ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದವನು. ಹುಡುಗರಿಗೆ ಓಡಿರೆಂದು ಬೋಧಿಸಿದವನು ತಾನೂ ಅವರ ಸಾಲಿನಲ್ಲಿ ನಿಂತು ಓಡಿದನೆಂಬುದನ್ನು ಉಪಾಧ್ಯಾಯವೃತ್ತಿಯವರಾದ ನಾವು ಗಮನಿಸತಕ್ಕುದು.

ಗೆದ್ದ ತಂಡದ ಕಡೆಯ ಓಟಗಾರನು ಕನಕುರಿ ಶಿಸೊ. ಈತನೂ ಟೋಕಿಯೋದ ಉನ್ನತ ನಾರ್ಮಲ್ ಶಾಲೆಯಲ್ಲಿ ಉಪಾಧ್ಯಾಯವೃತ್ತಿಗಾಗಿ ಕಲಿತವನು. 1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಪಂದ್ಯಗಳಿಗೆ ಜಪಾನು ಮೊದಲ ಬಾರಿ ಇಬ್ಬರನ್ನು ಕಳುಹಿಸಿತು, ಅವರಲ್ಲಿ ಈತನೊಬ್ಬ. ಮ್ಯಾರಥಾನಿನ ದಿನ ಬಿಸಿಲು ವಿಪರೀತವಾಗಿದ್ದಿತು. ಓಡಿದವರಲ್ಲಿ ಪೋರ್ಚುಗಲ್ ದೇಶದವನೊಬ್ಬ ಪ್ರಾಣವನ್ನೇ ನೀಗಿದನು. ಕನಕುರಿಯು ನಡುದಾರಿಯಲ್ಲಿ ಕುಸಿದನು. ಪಕ್ಕದ ಮನೆಯವರು ಉಪಚರಿಸಿದರು. ಗುರಿಯನ್ನು ಮುಟ್ಟದೆಯೇ ಅವನು ಸ್ವದೇಶಕ್ಕೆ ಮರಳಿದನು. ಅಷ್ಟು ದೂರದ ದೇಶದಲ್ಲಿ ಒಂಟಿಯಾಗಿ ಬಿದ್ದವನಿಗೆ, ಒಬ್ಬ ವೀರನನ್ನು ನಂಬುವುದಕ್ಕಿಂತ ನೂರು ಮಂದಿ ಓಟಗಾರರನ್ನು ಬೆಳೆಸುವುದು ಮೇಲೆಂದು ತೋರಿದುದು ಸಹಜವೇ. ಅವನೂ ಅವನ ಸಂಗಡಿಗರೂ ಅಮೆರಿಕಾ ಖಂಡವನ್ನೇ ಸರದಿಯಿಂದ ಓಡಿ ದಾಟುವ ಯೋಜನೆಯನ್ನು ಹೂಡಿದರು. ಅದು ಕೈಗೂಡಲಿಲ್ಲ, ಅದರ ಸಿದ್ಧತೆಗೆಂದು ನೆನೆದ ಓಟವೇ ಸ್ಥಿರವಾಗಿ ನಿಂತಿತು. ಅದೇ ಹಕೊನೆ ಎಕಿದೆನ್.

1920ರ ಫೆಬ್ರವರಿ 14ರಂದು ನಾಲ್ಕು ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳು ಟೋಕಿಯೋದಿಂದ ಹೊರಟರು. ಬೆಳಗಿನ ಪಾಠಗಳನ್ನು ತಪ್ಪಿಸಕೂಡದೆಂದು ಓಟವು ಮಧ್ಯಾಹ್ನ ಒಂದು ಗಂಟೆಗೆ ಆರಂಭವಾಯಿತು. ಆದಕಾರಣ ಐದನೆಯವನು ಹಕೊನೆ ಬೆಟ್ಟವನ್ನು ಏರುವಷ್ಟರಲ್ಲಿ ಕತ್ತಲೆ ಕವಿಯಿತು. ಊರಿನ ತರುಣರು ಪಂಜುಗಳನ್ನು ಹಿಡಿದು ದಾರಿ ತೋರಿದರು. ಮರುದಿನ ಹಿಂದಿರುಗಿ ಬಂದಾಗ ನಾರ್ಮಲ್ ಶಾಲೆಯ ತಂಡವು 15 ಗಂಟೆಗಳ ಓಟದ ಕೊನೆಗೆ ಮೇಯ್ಜಿ ತಂಡವನ್ನು ಸೋಲಿಸಿದುದು ಕೇವಲ 25 ಸೆಕೆಂಡುಗಳಿಂದ. ಹತ್ತು ಜನರಲ್ಲಿ ಯಾವನ ಕಾಲು ಆ 25 ಸೆಕೆಂಡುಗಳನ್ನು ಗಳಿಸಿತೆಂದು ಯಾರು ಹೇಳಬಲ್ಲರು? ಈಗ ಈ ಓಟವು ಪ್ರತಿ ವರುಷ ಜನವರಿ 2 ಮತ್ತು 3ರಂದು ನಡೆಯುತ್ತದೆ. ಹೋಗುವಾಗ ಐದು, ಬರುವಾಗ ಐದು ಮಜಲು. ಒಟ್ಟು ಸುಮಾರು 217 ಕಿಲೋಮೀಟರು.

ಓಟಗಾರರು ಒಬ್ಬರಿಂದೊಬ್ಬರಿಗೆ ಒಪ್ಪಿಸುವ ವಸ್ತುವಿಗೆ ತಾಸುಕಿ ಎಂದು ಹೆಸರು. ಕೆಲಸಕ್ಕೆ ತೊಡಗುವಾಗ ಅಂಗಿಯ ಅಗಲವಾದ ತೋಳುಗಳನ್ನು ಎತ್ತಿ ಕಟ್ಟಲು ಅಲ್ಲಿಯವರು ಬಳಸುತ್ತಿದ್ದ ಪಟ್ಟಿಯದು. ಅದನ್ನು ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಧರಿಸುತ್ತಾರೆ. ಹಿಂದಿನವನ ಬೆವರಿನಿಂದ ತೊಯ್ದೇ ಅದು ಮುಂದಿನವನ ಮೈಗೇರುವುದು. ಇದರಲ್ಲಿ ಒಂದು ಕಠಿನವಾದ ನಿಯಮವುಂಟು. ಮೊದಲ ತಂಡವು ಠಾಣೆಯನ್ನು ದಾಟಿದ ಮೇಲೆ, ಸ್ಥಳವನ್ನನುಸರಿಸಿ 10ರಿಂದ 20 ನಿಮಿಷಗಳೊಳಗೆ ಬಾರದ ತಂಡಕ್ಕಾಗಿ ಕಾಯುವಂತಿಲ್ಲ. ಅದರ ಮುಂದಿನ ಓಟಗಾರನು ಬೇರೊಂದು ತಾಸುಕಿಯನ್ನು ಧರಿಸಿ ಹೊರಡಬೇಕು. ಕೆಲವೇ ಮಾರು ದೂರದಲ್ಲಿ ಹಿಂದಿನವನು ತೂರಾಡುತ್ತ ಬರುತ್ತಿರುವಾಗಲೇ ಮುಂದಿನವನು ಹೊರಟುಹೋಗಬೇಕಾಗುವುದೂ ಉಂಟು. ಒಬ್ಬನು ದಾರಿಯಲ್ಲಿ ಪೂರ್ಣವಾಗಿ ನಿಂತುಬಿಟ್ಟರೆ ತಂಡಕ್ಕೆ ಸ್ಥಾನವೇ ಇಲ್ಲ. ಆದರೂ ಉಳಿದವರು ಓಡಬಹುದು, ಓಡುತ್ತಾರೆ.

ಇಂತಹ ಓಟವು ತರುಣನ ಮೇಲೆ ಹೊರಲಾರದ ಭಾರವನ್ನು ಹೊರಿಸುವುದೆಂಬ ಆಕ್ಷೇಪವು ಜಪಾನಿನಲ್ಲಿಯೇ ಇದೆ. ತನಗಾಗಿ ಓಡುವವನು ಕಾಲು ಉಳುಕಿದರೆ ನಿಲ್ಲಬಲ್ಲನು. ಒಂಬತ್ತು ಮಂದಿಗಾಗಿ ಓಡುವವನು ನಿಲ್ಲಲಾರದೆ ಮೈಗೆ ಕೇಡು ತಂದುಕೊಳ್ಳುವನು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ದೋಷವು ಸ್ನೇಹದ್ದಲ್ಲ, ಬಿದ್ದವನನ್ನು ಅಪರಾಧಿಯೆಂದೆಣಿಸುವ ಬುದ್ಧಿಯದು. ಈ ಓಟಕ್ಕೆ ಕಾರಣನಾದವನೇ ನಡುದಾರಿಯಲ್ಲಿ ಬಿದ್ದವನೆಂಬುದನ್ನು ನೆನೆದರೆ ಆ ಬುದ್ಧಿಯು ತಲೆಯೆತ್ತಲಾರದು.

ಇದಕ್ಕಿಂತ ಘೋರವಾದ ಕಡಿತವೂ ಒಮ್ಮೆ ಬಂದಿತು. ಯುದ್ಧದ ಕಾರಣದಿಂದ 1941, 1942ರಲ್ಲಿ ಹಕೊನೆಯ ಓಟವು ನಡೆಯಲಿಲ್ಲ. 1943ರ ಜನವರಿಯಲ್ಲಿ ವಿದ್ಯಾರ್ಥಿಗಳು ಹೇಗೋ ಅನುಮತಿಯನ್ನು ಪಡೆದು ಓಡಿದರು. ಅದೇ ವರುಷದ ಶರತ್ಕಾಲದಲ್ಲಿ ವಿದ್ಯಾರ್ಥಿಗಳನ್ನು ಸೈನ್ಯಕ್ಕೆ ಸೇರಿಸುವ ಆಜ್ಞೆ ಹೊರಟಿತು. ಓಡಿದವರಲ್ಲಿ ಕೆಲವರು ಮರಳಿ ಬರಲಿಲ್ಲ. 1947ರಲ್ಲಿ, ಬಾಂಬುಗಳಿಂದ ಹಾಳಾದ ರಾಜಧಾನಿಯಿಂದ, ಹೊಟ್ಟೆಗೆ ಸಾಲದ ಕಾಲದಲ್ಲಿ, ಓಟವು ಮತ್ತೆ ಹೊರಟಿತು. ಒಪ್ಪಿಸಬೇಕಾದ ಕೈಗಳೇ ಇಲ್ಲವಾದರೂ ಒಪ್ಪಿಸಿಕೊಳ್ಳುವ ಕೈಗಳು ಮುಂದೆ ಬಂದುವು.

ಕನಕುರಿಯ ಕಥೆಗೂ ಒಂದು ಮುಕ್ತಾಯವುಂಟು. 1967ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದರ ಆ ವೃದ್ಧನನ್ನು ಕರೆಸಿ, ಬಿಟ್ಟುಹೋದ ಓಟವನ್ನು ಮುಗಿಸಿಕೊಟ್ಟರು. ಘೋಷಿಸಿದ ಕಾಲವು 54 ವರುಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಲೋಕವು ಇದನ್ನು ವಿನೋದವೆಂದು ನಕ್ಕಿತು. ಆದರೆ ಆ ಅವಧಿಯಲ್ಲಿ ಅವನ ಕೈಯಿಂದ ಹೊರಟ ತಾಸುಕಿಯು ಎಷ್ಟು ಹೆಗಲುಗಳನ್ನು ಏರಿ ಇಳಿದಿತ್ತೆಂಬುದನ್ನು ಎಣಿಸಿದರೆ, ಅವನು ಒಂದು ದಿನವೂ ಓಟವನ್ನು ನಿಲ್ಲಿಸಿರಲಿಲ್ಲವೆಂದೇ ಹೇಳಬೇಕು. ವೇದಪಾಠವಾಗಲಿ ಕುಲದ ಕಸುಬಾಗಲಿ ನಮ್ಮವರೆಗೆ ಬಂದುದು ಹೀಗೆಯೇ: ಪೂರ್ತಿ ದಾರಿಯನ್ನು ಯಾರೂ ಓಡಲಿಲ್ಲ, ತಮ್ಮ ಮಜಲನ್ನು ಎಲ್ಲರೂ ಓಡಿದರು.