ಮಧುಮೇಹಿಯ ಮೈತೂಕ ಮತ್ತು ಮರಣ: ಒಂದು ಪ್ರಶ್ನೆಯ ಚರಿತ್ರೆ

2012ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂದ ಒಂದು ಅಧ್ಯಯನ ಮಧುಮೇಹ ತಜ್ಞರನ್ನು ಕಂಗೆಡಿಸಿತು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮರ್ಸಿಡಿಸ್ ಕಾರ್ನೆಥಾನ್ ಮತ್ತು ಸಂಗಡಿಗರು ಐದು ದೀರ್ಘಾವಧಿ ಸಮೀಕ್ಷೆಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಆ ಅವಧಿಯಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಂಡ 2,625 ಮಂದಿಯನ್ನು ಬೇರ್ಪಡಿಸಿ ನೋಡಿದ್ದರು. ರೋಗ ಪತ್ತೆಯಾದಾಗ ಅವರಲ್ಲಿ ನೂರಕ್ಕೆ ಸುಮಾರು 12 ಮಂದಿಯ ತೂಕ ಎತ್ತರಕ್ಕೆ ತಕ್ಕಷ್ಟೇ ಇತ್ತು. ವರ್ಷಕ್ಕೆ ಹತ್ತು ಸಾವಿರ ಮಂದಿಯ ಲೆಕ್ಕದಲ್ಲಿ ದಪ್ಪಗಿದ್ದವರಲ್ಲಿ ಸುಮಾರು 152 ಸಾವು. ಈ ‘ಸರಿತೂಕ’ದವರಲ್ಲಿ ಸುಮಾರು 285. ವಯಸ್ಸು, ರಕ್ತದೊತ್ತಡ, ಸೊಂಟದ ಸುತ್ತಳತೆ, ಧೂಮಪಾನ ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ಮೇಲೂ ಅಪಾಯ ಎರಡು ಪಟ್ಟಿನಷ್ಟೇ ಉಳಿಯಿತು.

ಬೊಜ್ಜೇ ಸಕ್ಕರೆ ಕಾಯಿಲೆಯನ್ನು ಕರೆತರುತ್ತದೆ, ಬಂದ ಮೇಲೆ ಅದೇ ಬೊಜ್ಜು ರೋಗಿಯನ್ನು ಕಾಯುತ್ತದೆ ಎಂದರೆ ಹೇಗೆ? ಹೃದಯರೋಗಿಗಳಲ್ಲಿ ಕಂಡ ಇಂಥದೇ ಸಂಗತಿಗೆ 2002ರಲ್ಲಿ ‘ಬೊಜ್ಜಿನ ವಿರೋಧಾಭಾಸ’ ಎಂಬ ಹೆಸರು ಬಿದ್ದಿತ್ತು. ಆ ಹೆಸರು ನಮ್ಮ ದಾರಿ ತಪ್ಪಿಸಿದೆ ಎಂಬುದು ನನ್ನ ಅಭಿಪ್ರಾಯ. ಇಬ್ಬರು ರೋಗಿಗಳ ತೂಕ ಒಂದೇ ಇರಬಹುದು. ಆ ತೂಕಕ್ಕೆ ಇಬ್ಬರೂ ಬಂದ ದಾರಿ ಒಂದೇ ಅಲ್ಲ. ಹಳಬರು ಇದನ್ನು ಬಲ್ಲವರಾಗಿದ್ದರು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ, ಮಧುಮೇಹವನ್ನೂ ಒಳಗೊಂಡ ಪ್ರಮೇಹವನ್ನು ಎರಡಾಗಿ ಒಡೆಯುತ್ತದೆ. ಹುಟ್ಟಿನಿಂದ ಬಂದ ‘ಸಹಜ’ ಪ್ರಮೇಹದವನು ಕೃಶ. ಅಪಥ್ಯದಿಂದ ಬಂದ ಪ್ರಮೇಹದವನು ಸ್ಥೂಲ, ಹೊಟ್ಟೆಬಾಕ, ನಿದ್ದೆಬಡುಕ. ಮೊದಲನೆಯವನಿಗೆ ಸಂಸ್ಕರಿಸಿದ ಅನ್ನಪಾನಗಳ ಪೋಷಣೆ, ಎರಡನೆಯವನಿಗೆ ಮೈ ಇಳಿಸುವ ಚಿಕಿತ್ಸೆ. ಇದನ್ನೇ ಇಂದಿನ ಟೈಪ್ 1, ಟೈಪ್ 2 ಎಂದು ಸಮೀಕರಿಸುವ ಉತ್ಸಾಹ ನನಗಿಲ್ಲ. ಆದರೆ ಒಂದೇ ರೋಗದ ಹೆಸರು ಹೊತ್ತ ಎರಡು ದೇಹಗಳಿಗೆ ಒಂದೇ ಔಷಧ ಸಲ್ಲದೆಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ಇದೇ ಭೇದವನ್ನು ತನ್ನದೇ ಹಾದಿಯಲ್ಲಿ ಕಂಡುಕೊಂಡಿತು. 1870–71ರಲ್ಲಿ ನಗರಕ್ಕೆ ಮುತ್ತಿಗೆ ಬಿದ್ದು ಅನ್ನಕ್ಕೆ ತತ್ವಾರವಾದಾಗ, ಕೆಲವು ರೋಗಿಗಳ ಮೂತ್ರದಿಂದ ಸಕ್ಕರೆ ಮಾಯವಾದುದನ್ನು ವೈದ್ಯ ಅಪೊಲಿನೇರ್ ಬುಷಾರ್ದಾ ಗಮನಿಸಿದರು. ಎಟಿಯೆನ್ ಲಾನ್ಸರೋ 1880ರ ಹೊತ್ತಿಗೆ ‘ಬಡಕಲು ಮಧುಮೇಹ’ ಮತ್ತು ‘ಕೊಬ್ಬಿದ ಮಧುಮೇಹ’ ಎಂದು ವಿಂಗಡಿಸಿ, ಮೊದಲನೆಯದನ್ನು ಮೇದೋಜೀರಕ ಗ್ರಂಥಿಯ ಹಾನಿಯೊಂದಿಗೆ ಜೋಡಿಸಿದರು. ಬಡಕಲಾದವರು ಬೇಗ ಸಾಯುತ್ತಿದ್ದರು. ದಪ್ಪಗಿದ್ದವರು ವರ್ಷಗಟ್ಟಲೆ ಬದುಕುತ್ತಿದ್ದರು. ಇಂದು ವಿರೋಧಾಭಾಸವೆನ್ನಿಸುವುದು ಅಂದಿನ ವೈದ್ಯರಿಗೆ ದಿನನಿತ್ಯದ ಅನುಭವ.

1922ರಲ್ಲಿ ಇನ್ಸುಲಿನ್ ಬಂತು. ಟೊರಾಂಟೊದಲ್ಲಿ ಅದನ್ನು ಮೊದಲು ಚುಚ್ಚಿಸಿಕೊಂಡ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಮ್ಸನ್ ಮೂವತ್ತು ಕಿಲೋ ಆಸುಪಾಸಿನಲ್ಲಿದ್ದ. ಇಂಥ ಮಕ್ಕಳು ಬದುಕುಳಿಯತೊಡಗಿದಂತೆ ವೈದ್ಯಲೋಕದ ಚಿಂತೆ ಬೊಜ್ಜಿನ ಕಡೆ ಹೊರಳಿತು. ಬೊಜ್ಜನ್ನು ತಡೆದರೆ ಮಧುಮೇಹವನ್ನು ತಡೆಯಬಹುದೆಂದು ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ 1921ರಲ್ಲೇ ಬರೆದಿದ್ದರು. ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿ 1940ರ ದಶಕದಲ್ಲೂ 1959ರಲ್ಲೂ ಎತ್ತರಕ್ಕೆ ತಕ್ಕ ತೂಕದ ಕೋಷ್ಟಕಗಳನ್ನು ಹೊರಡಿಸಿತು. 1972ರಲ್ಲಿ ಆನ್ಸೆಲ್ ಕೀಸ್, ಬೆಲ್ಜಿಯಮ್‌ನ ಕೆಟ್ಲೆಯ ತೂಕ-ಎತ್ತರದ ಹಳೆಯ ಸೂತ್ರಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ (ಬಿಎಂಐ) ಎಂದು ಹೆಸರಿಟ್ಟರು. ಎರಡು ದೇಹಗಳ ಭೇದ ಒಂದೇ ಅಂಕಿಯೊಳಗೆ ಕರಗಿಹೋಯಿತು.

ಕಾರ್ನೆಥಾನ್ ವರದಿಗೆ ಹೆಚ್ಚು ತೂಕದ ಉತ್ತರ 2014ರ ಜನವರಿಯಲ್ಲಿ ಹಾರ್ವರ್ಡ್‌ನಿಂದ ಬಂತು. ಡೀಡ್ರಾ ಟೊಬಯಾಸ್ ಮತ್ತು ಸಹ ಸಂಶೋಧಕರು ದಾದಿಯರು ಹಾಗೂ ಇತರ ಆರೋಗ್ಯ ವೃತ್ತಿಯವರ ಎರಡು ದೊಡ್ಡ ಸಮೀಕ್ಷೆಗಳಿಂದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳನ್ನು ಆರಿಸಿದರು. ರೋಗ ಪತ್ತೆಯಾಗುವುದಕ್ಕೆ ಸ್ವಲ್ಪ ಮೊದಲಿನ ತೂಕ ಹಿಡಿದರು; ಆಗಲೇ ಹೃದ್ರೋಗ ಅಥವಾ ಕ್ಯಾನ್ಸರ್ ಇದ್ದವರನ್ನು ಕೈಬಿಟ್ಟರು. ಸುಮಾರು 16 ವರ್ಷಗಳಲ್ಲಿ 3,083 ಸಾವುಗಳು. ಒಟ್ಟು ಲೆಕ್ಕದಲ್ಲಿ ತೀರಾ ಕಡಿಮೆ ತೂಕದ ಕಡೆ ಅಪಾಯ ತುಸು ಮೇಲೆದ್ದು ಕಂಡಿತಾದರೂ, ಎಂದೂ ಸಿಗರೇಟು ಸೇದದವರನ್ನಷ್ಟೇ ನೋಡಿದಾಗ ತೂಕ ಏರಿದಂತೆ ಸಾವೂ ಏರಿತು. ಬೊಜ್ಜಿನ ರಕ್ಷಣೆ ಎಲ್ಲೂ ಕಾಣಲಿಲ್ಲ.

ವ್ಯತ್ಯಾಸದ ಗುಟ್ಟು ಇಲ್ಲೇ ಇದೆ. ಪತ್ತೆಯಾಗದ ಮಧುಮೇಹವೇ ಮೈಯನ್ನು ಸೊರಗಿಸುತ್ತದೆ: ಸಕ್ಕರೆ ಮೂತ್ರದಲ್ಲಿ ಸೋರುತ್ತದೆ, ಮಾಂಸಖಂಡ ಕರಗುತ್ತದೆ. ಸಿಗರೇಟು ತೂಕವನ್ನೂ ಆಯುಷ್ಯವನ್ನೂ ಒಟ್ಟಿಗೆ ಇಳಿಸುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೆಲವೊಮ್ಮೆ ಮಧುಮೇಹದ ವೇಷದಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಇವರನ್ನೆಲ್ಲ ‘ಸರಿತೂಕ’ದ ಪಟ್ಟಿಗೆ ಸೇರಿಸಿದರೆ ಆ ಪಟ್ಟಿಯಲ್ಲಿ ಸಾವು ಹೆಚ್ಚದೆ ಏನಾದೀತು? ಆದರೂ ಹಾರ್ವರ್ಡ್ ಲೆಕ್ಕದಿಂದ ವಿಷಯ ಮುಗಿಯಿತೆಂದು ನಾನು ಒಪ್ಪಲಾರೆ. ಅದು ಬಹುಪಾಲು ಬಿಳಿಯ, ಓದಿದ, ಉದ್ಯೋಗಸ್ಥ ಅಮೆರಿಕನ್ನರ ಲೆಕ್ಕ.

ನಮ್ಮ ದೇಹಗಳ ಕಥೆ ಬೇರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರವೊಂದು 2004ರ ‘ಲ್ಯಾನ್ಸೆಟ್’ನಲ್ಲಿದೆ. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನಮ್ಮ ತೆಳ್ಳನೆಯ ದೇಹದೊಳಗೆ ಬೊಜ್ಜು ಅಡಗಿ ಕೂತಿರಬಲ್ಲದು. ಇದಕ್ಕೆ ತೀರಾ ವಿರುದ್ಧದ ಮಾದರಿಯೂ ಈ ನೆಲದಲ್ಲೇ ಇದೆ: ಬಾಲ್ಯದ ಹಸಿವಿನಿಂದ ಬಡಕಲಾಗಿ, ಇನ್ಸುಲಿನ್ ಉತ್ಪತ್ತಿಯೇ ಸೊರಗಿದ ಬಡ ಮಧುಮೇಹಿ. ಇಂಥವರ ರೋಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪ್ರತ್ಯೇಕ ವರ್ಗ ಕೊಟ್ಟು, 1999ರಲ್ಲಿ ಕಿತ್ತುಹಾಕಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ನ್ಯೂಯಾರ್ಕ್‌ನ ಸಂಶೋಧಕರು 2022ರಲ್ಲಿ ಇದು ಟೈಪ್ 1, ಟೈಪ್ 2 ಎರಡಕ್ಕಿಂತಲೂ ಭಿನ್ನವೆಂದು ತೋರಿಸಿದರು; 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನು ‘ಟೈಪ್ 5’ ಎಂದು ಮಾನ್ಯ ಮಾಡಿತು. ಪಟ್ಟಿಯಿಂದ ಹೊರಗಿದ್ದ ಆ ಇಪ್ಪತ್ತಾರು ವರ್ಷ ಈ ಬಡಕಲು ರೋಗಿಗಳ ಸಾವನ್ನು ಲೆಕ್ಕ ಹಾಕಲು ಒಂದು ಖಾನೆಯೂ ಇರಲಿಲ್ಲ. ಇದು ನನ್ನನ್ನು ನೋಯಿಸುವ ಸಂಗತಿ.

ತೂಕದ ಕಥೆ ಎಷ್ಟು ಹಿಂದಿನಿಂದ ಶುರುವಾಗುತ್ತದೆ ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ದಾಖಲೆಗಳೇ ಸಾಕ್ಷಿ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಮಕ್ಕಳಲ್ಲಿ 506 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಶ್ಚಾತ್ಯ ದೇಶಗಳಲ್ಲಿ ಕಂಡಂತೆ ಹುಟ್ಟುವಾಗ ಹಗುರಾಗಿದ್ದವರಲ್ಲಿ ಅಲ್ಲ, ಉದ್ದದಲ್ಲಿ ಗಿಡ್ಡವಾಗಿ ದುಂಡಗೆ ಹುಟ್ಟಿದವರಲ್ಲೇ ಮಧುಮೇಹ ಹೆಚ್ಚಿತ್ತು. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಆ ತಾಯಂದಿರ ತೂಕವನ್ನೂ ಅದೇ ಪುಸ್ತಕಗಳಲ್ಲಿ ಯಾರೋ ಆಗಲೇ ಬರೆದಿಟ್ಟಿದ್ದರು.