ಕೊಯ್ದ ಮೇಲೂ ಬೆಳೆಯುವ ಹೂವು

ಟ್ಯೂಲಿಪ್ ಹೂವಿನ ದಂಟು ಕೊಯ್ದ ಮೇಲೂ ಬೆಳೆಯುತ್ತದೆ. ಗುಲಾಬಿ, ಸೇವಂತಿಗೆಗಳು ಗಿಡದಿಂದ ಬೇರ್ಪಟ್ಟಾಗ ಎಷ್ಟು ಉದ್ದ ಇರುತ್ತವೋ ಹೆಚ್ಚುಕಡಿಮೆ ಅಷ್ಟೇ ಉದ್ದದಲ್ಲಿ ಬಾಡುತ್ತವೆ. ಟ್ಯೂಲಿಪ್ ಹಾಗಲ್ಲ. ನೀರಿಗಿಟ್ಟ ಕೆಲವೇ ದಿನಗಳಲ್ಲಿ ಅದು ಹಲವು ಸೆಂಟಿಮೀಟರ್ ನೀಳುತ್ತದೆ, ಕಿಟಕಿಯತ್ತ ವಾಲುತ್ತದೆ, ವಾಲಿದ ಮೇಲೆ ತಲೆಯನ್ನು ಮತ್ತೆ ಮೇಲಕ್ಕೆತ್ತುತ್ತದೆ. ಬೆಳಗ್ಗೆ ಒಪ್ಪವಾಗಿ ಜೋಡಿಸಿದ ಗುಚ್ಛ ಮರುದಿನ ಬೇರೆಯೇ ಆಕಾರದಲ್ಲಿರುತ್ತದೆ. ದಂಟು ಚಿವುಟಿ ದಾರಕ್ಕೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವ ಕನ್ನಡನಾಡಿನ ಹೂವಾಡಿಗರಿಗೆ ಇಂಥ ತೊಂದರೆ ಎದುರಾಗುವುದೇ ಇಲ್ಲ. ಹೂವನ್ನು ದಂಟಿನ ಸಮೇತ, ಒಂದೊಂದಾಗಿ ದಿಟ್ಟಿಸಿ ನೋಡುವ ಅಭ್ಯಾಸ ಬೆಳೆದ ಊರುಗಳಲ್ಲಿ ಮಾತ್ರ ಅದನ್ನು ನೆಟ್ಟಗೆ ನಿಲ್ಲಿಸುವುದು ಒಂದು ವಿದ್ಯೆಯಾಯಿತು.

ಅಂಥ ಮೊದಲ ದೊಡ್ಡ ಊರು ಇಸ್ತಾಂಬುಲ್. ಕಾಡು ಟ್ಯೂಲಿಪ್‌ಗಳ ತವರು ಮಧ್ಯ ಏಷ್ಯಾದ ತಿಯಾನ್ ಶಾನ್, ಪಾಮಿರ್ ಬೆಟ್ಟಸಾಲು. ಅವನ್ನು ತೋಟಕ್ಕೆ ತಂದು ಪಳಗಿಸಿ ನೂರಾರು ತಳಿಗಳನ್ನು ಮಾಡಿದವರಲ್ಲಿ ಆಟೊಮನ್ ತುರ್ಕರು ಮುಂದು. ಅವರ ಭಾಷೆಯಲ್ಲಿ ಈ ಹೂವು 'ಲಾಲೆ'; ಪಾರಸಿಯಿಂದ ಬಂದ ಮಾತು. ಅರಬ್ಬಿ ಲಿಪಿಯಲ್ಲಿ ಈ ಪದಕ್ಕೂ 'ಅಲ್ಲಾಹ್' ಎಂಬ ಪದಕ್ಕೂ ಬಳಸುವ ಅಕ್ಷರಗಳು ಅವೇ ಆದ್ದರಿಂದ ಹೂವಿಗೆ ಒಂದು ಪಾವಿತ್ರ್ಯವೂ ಅಂಟಿಕೊಂಡಿತು. ಇಂದಿನ ಬಟ್ಟಲಿನಾಕಾರದ ಟ್ಯೂಲಿಪ್ ಕಂಡಿದ್ದರೆ ಇಸ್ತಾಂಬುಲ್‌ನ ಹೂತಜ್ಞರು ಮೂಗು ಮುರಿಯುತ್ತಿದ್ದರೇನೋ. ಅವರಿಗೆ ಬೇಕಿದ್ದದ್ದು ಬಾದಾಮಿಯಂತೆ ನೀಳವಾದ ಹೂವು, ಕಠಾರಿಯ ತುದಿಯಷ್ಟು ಚೂಪಾದ ಆರು ಎಸಳು. ಸುಲ್ತಾನ ಮೂರನೇ ಅಹ್ಮದನ ಕಾಲದ ಮುಖ್ಯ ಹೂಗಾರ ಶೇಖ್ ಮೆಹಮದ್ ಲಾಲೆಜಾರಿ ಒಳ್ಳೆಯ ಟ್ಯೂಲಿಪ್ಪಿನ ಲಕ್ಷಣಗಳನ್ನು ಗ್ರಂಥವಾಗಿ ಬರೆದಿಟ್ಟ. ದಂಟು ಉದ್ದವಾಗಿಯೂ ಗಟ್ಟಿಯಾಗಿಯೂ ಇರಬೇಕು, ಹೂವು ನೆಟ್ಟಗೆ ನಿಲ್ಲಬೇಕು, ಎಲೆ ಹೂವನ್ನು ಮರೆಮಾಡಬಾರದು ಎಂಬವು ಅದರಲ್ಲಿ ಸೇರಿವೆ. ಎಸಳಿನ ಬಣ್ಣದಷ್ಟೇ ದಂಟಿನ ನಿಲುವಿಗೂ ಅಲ್ಲಿ ಬೆಲೆಯಿತ್ತು.

ಆ ನಿಲುವನ್ನು ಮನೆಯೊಳಗೆ ಕಾಪಾಡಲು ಹುಟ್ಟಿದ ಪಾತ್ರೆಯೇ 'ಲಾಲೆದಾನ್'. ತಳದಲ್ಲಿ ಉಬ್ಬಿದ ಹೊಟ್ಟೆ, ಮೇಲೆ ಒಂದೇ ಒಂದು ದಂಟು ತೂರುವಷ್ಟು ಇಕ್ಕಟ್ಟಾದ ನೀಳ ಕೊರಳು. ಕೊರಳು ದಂಟನ್ನು ಬಹುದೂರದವರೆಗೆ ಸುತ್ತಲಿಂದ ಹಿಡಿದುಕೊಳ್ಳುವುದರಿಂದ ವಾಲುವುದಕ್ಕೆ ಎಡೆಯೇ ಇರುವುದಿಲ್ಲ. ಗುಚ್ಛದ ಕಲ್ಪನೆ ಇಲ್ಲಿಲ್ಲ; ಒಂದು ಹೂವಿಗೆ ಒಂದು ಪಾತ್ರೆ. ಇದಕ್ಕಿಂತ ಸರಳವಾದ, ಇದಕ್ಕಿಂತ ಸಮರ್ಪಕವಾದ ಟ್ಯೂಲಿಪ್ ಹೂದಾನಿಯನ್ನು ಆಮೇಲೆ ಬಂದವರು ಮಾಡಲಿಲ್ಲವೆಂದೇ ಹೇಳಬೇಕು. 1705ರಲ್ಲಿ ಅಹ್ಮದ್ ತೋಪ್‌ಕಾಪಿ ಅರಮನೆಯಲ್ಲಿ ಕಟ್ಟಿಸಿಕೊಂಡ ಪುಟ್ಟ ಊಟದ ಕೋಣೆಯ ಗೋಡೆಗಳ ತುಂಬ ಹೂದಾನಿಗಳ, ಹಣ್ಣಿನ ತಟ್ಟೆಗಳ ಚಿತ್ರಗಳಿವೆ.

1718ರಿಂದ 1730ರವರೆಗಿನ ಅವಧಿಗೆ ಮುಂದಿನ ಇತಿಹಾಸಕಾರರು 'ಲಾಲೆ ಯುಗ' ಎಂದೇ ಹೆಸರಿಟ್ಟರು. ಪ್ರಧಾನಿ ದಾಮಾದ್ ಇಬ್ರಾಹಿಂ ಪಾಷಾನ ತೋಟದಲ್ಲಿ ರಾತ್ರಿ ಹೊತ್ತು ಟ್ಯೂಲಿಪ್ ಉತ್ಸವಗಳು ನಡೆಯುತ್ತಿದ್ದವು. 1726ರಲ್ಲಿ ಅಲ್ಲಿದ್ದ ಫ್ರೆಂಚ್ ರಾಯಭಾರಿ ಅವನ್ನು ವರ್ಣಿಸುತ್ತ ಒಂದು ಗುಟ್ಟನ್ನೂ ಹೊರಗೆಡವಿದ್ದಾನೆ: ಪಾತಿಯಲ್ಲಿ ಎಲ್ಲಿ ಗೆಡ್ಡೆ ಹೂಬಿಟ್ಟಿರುವುದಿಲ್ಲವೋ ಅಲ್ಲಿ ಬೇರೆ ತೋಟಗಳಿಂದ ಕೊಯ್ದು ತಂದ ಟ್ಯೂಲಿಪ್‌ಗಳನ್ನು ಬಾಟಲಿಗಳಲ್ಲಿಟ್ಟು ಖಾಲಿ ಜಾಗ ತುಂಬುತ್ತಿದ್ದರು. ನಾಲ್ಕು ಹೂವಿಗೊಂದರಂತೆ, ಹೂವಿನ ಎತ್ತರಕ್ಕೇ, ಮೇಣದಬತ್ತಿ ಉರಿಯುತ್ತಿತ್ತು. ಕೊಯ್ದ ಹೂವು ಪಕ್ಕದ ಬೇರುಳ್ಳ ಹೂವಿನ ಸಮಕ್ಕೆ ನಿಂತು ಅತಿಥಿಗಳ ಕಣ್ಣು ತಪ್ಪಿಸಬೇಕಾಗಿತ್ತು. 1730ರ ಪತ್ರೋನಾ ಹಲೀಲ್ ದಂಗೆಯಲ್ಲಿ ಪಾಷಾನ ಜೀವ, ಸುಲ್ತಾನನ ಗದ್ದುಗೆ ಎರಡೂ ಹೋದವು. ಈ ವೈಭವವೂ ಅಲ್ಲಿಗೆ ಮುಗಿಯಿತು.

ಯುರೋಪಿಗೆ ಟ್ಯೂಲಿಪ್ ತಲುಪಿದ್ದು ಇದಕ್ಕೂ ಬಹಳ ಮುಂಚೆ. 1559ರಲ್ಲಿ ಆಗ್ಸ್‌ಬರ್ಗ್‌ನ ತೋಟವೊಂದರಲ್ಲಿ ಅರಳಿದ್ದ ಹೂವನ್ನು ಕಾನ್ರಾಡ್ ಗೆಸ್ನರ್ ನೋಡಿ ದಾಖಲಿಸಿದ. 1593ರಲ್ಲಿ ಕರೋಲಸ್ ಕ್ಲೂಸಿಯಸ್ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದ ಮೇಲೆ ಹಾಲೆಂಡಿನಲ್ಲಿ ಅದು ಬೇರೂರಿತು. 1637ರ ಫೆಬ್ರುವರಿಯಲ್ಲಿ ಕುಸಿದುಬಿದ್ದ ಗೆಡ್ಡೆಯ ಸಟ್ಟಾ ವ್ಯಾಪಾರದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಚಳಿಗಾಲದಲ್ಲಿ ಕೈಬದಲಿದ್ದು ಮಣ್ಣಿನೊಳಗಿದ್ದ ಗೆಡ್ಡೆಗಳು, ಹೂವುಗಳಲ್ಲ. ಹೂದಾನಿಯ ಇತಿಹಾಸಕ್ಕೆ ಆ ಹುಚ್ಚಿನಿಂದ ಸಿಗುವುದು ಸ್ವಲ್ಪವೇ.

ಅದೇ ಕಾಲದ ಚಿತ್ರಕಾರರಿಂದ ಸಿಗುವುದು ಹೆಚ್ಚು. ಅಂಬ್ರೋಸಿಯಸ್ ಬೊಸ್ಖಾರ್ಟ್ ಸುಮಾರು 1618ರಲ್ಲಿ ಬರೆದ, ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಕಿಟಕಿಯ ಹೂದಾನಿಯ ಚಿತ್ರದಲ್ಲಿ ಪ್ರತಿ ಹೂವೂ ಮುಖ ತೋರಿಸಿಕೊಂಡು ಅಲುಗದೆ ನಿಂತಿದೆ. ಅಂಥ ಗುಚ್ಛ ಯಾವ ಮನೆಯಲ್ಲೂ ಇರಲಿಲ್ಲ. ಬೇರೆ ಬೇರೆ ತಿಂಗಳಲ್ಲಿ ಅರಳುವ ಹೂಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿಟ್ಟುಕೊಂಡು ಅನಂತರ ಒಂದೇ ಚಿತ್ರಕ್ಕೆ ಸೇರಿಸುವುದು ಆಗಿನ ರೂಢಿ. ಕಾಯುವ ಚಿತ್ರಕಾರರೂ ಇದ್ದರು. ಹಳದಿ ಗುಲಾಬಿ ಇನ್ನೂ ಅರಳಿಲ್ಲ, ಆದ್ದರಿಂದ ಚಿತ್ರ ಮುಗಿದಿಲ್ಲ ಎಂದು ಯಾನ್ ವಾನ್ ಹೌಸುಮ್ 1742ರಲ್ಲಿ ತನ್ನ ಗಿರಾಕಿಗೆ ಕಾಗದ ಬರೆದಿದ್ದ. ಹದಿನೇಳನೇ ಶತಮಾನದ ಕೊನೆಗೆ ಬರುವಷ್ಟರಲ್ಲಿ ರಾಹೆಲ್ ರೌಶ್‌ಳಂಥವರ ಕುಂಚದಲ್ಲಿ ದಂಟುಗಳು ಬಳುಕತೊಡಗುತ್ತವೆ, ಎಸಳುಗಳು ಹರಡಿಕೊಳ್ಳುತ್ತವೆ. ಸಸ್ಯಶಾಸ್ತ್ರಜ್ಞನ ಮಗಳಾದ ಆಕೆ ನೀರಿಗಿಟ್ಟ ಟ್ಯೂಲಿಪ್ ನಿಜಕ್ಕೂ ಏನು ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಿದ್ದವಳು.

ಹೂವನ್ನು ಬಳುಕಲು ಬಿಡದ ಪ್ರಯತ್ನ ಡೆಲ್ಫ್ಟ್ ಊರಿನ ಕುಂಬಾರಿಕೆಯಲ್ಲಿ ಶಿಖರ ಮುಟ್ಟಿತು. ಚೀನಾದ ಪಿಂಗಾಣಿಯನ್ನು ನೋಡಿ, ಬಿಳಿ ಹೊಳಪಿನ ಮೇಲೆ ನೀಲಿ ಚಿತ್ತಾರದ ಮಣ್ಣಿನ ಪಾತ್ರೆ ಮಾಡುತ್ತಿದ್ದ ಊರದು. ಅಲ್ಲಿನ 'ಗ್ರೀಕ್ ಎ' ಕಾರ್ಖಾನೆಯ ಆದ್ರಿಯಾನಸ್ ಕಾಕ್ಸ್ ಹದಿನೇಳನೇ ಶತಮಾನದ ಕೊನೆಯ ವರ್ಷಗಳಲ್ಲಿ ಗೋಪುರದಾಕಾರದ ಹೂದಾನಿಗಳನ್ನು ಮಾಡಿಸಿದ. ಕೆಲವು ಆಳೆತ್ತರದ ಹತ್ತಿರ ಬರುತ್ತವೆ. ಅಷ್ಟು ಎತ್ತರದ ಮಣ್ಣಿನ ಪಾತ್ರೆಯನ್ನು ಒಂದೇ ತುಂಡಾಗಿ ಸುಡಲು ಬಾರದು. ಹಾಗಾಗಿ ಕೆಳಗೆ ಅಗಲ, ಮೇಲಕ್ಕೆ ಕಿರಿದಾಗುತ್ತ ಹೋಗುವ ಅಂತಸ್ತುಗಳನ್ನು ಬೇರೆ ಬೇರೆ ಸುಟ್ಟು ಒಂದರ ಮೇಲೊಂದು ಕೂರಿಸುತ್ತಿದ್ದರು. ಪ್ರತಿ ಅಂತಸ್ತಿಗೂ ತನ್ನದೇ ನೀರಿನ ತೊಟ್ಟಿ. ಅದರ ಮೂಲೆಗಳಿಂದ ಗಿಂಡಿಯ ಮೂತಿಯಂಥ ಕಿರುಗೊಳವೆಗಳು ಹೊರಚಾಚಿರುತ್ತವೆ. ಅವುಗಳ ಬಾಯಿ ಎಷ್ಟೋ ಸಲ ಯಾವುದೋ ಪ್ರಾಣಿಯ ಮುಖ. ಒಂದು ಮೂತಿಗೆ ಒಂದು ಹೂವು. ಲಾಲೆದಾನಿನ ಉಪಾಯವೇ ಇಲ್ಲಿ ಹತ್ತಾರು ಬಾರಿ ಮರುಕಳಿಸಿದಂತಿದೆ. ಆದರೆ ಮೂತಿ ಗಿಡ್ಡ, ಅದೂ ಹೊರಕ್ಕೆ ಓರೆ. ದಂಟು ನೀಳಿದಂತೆ ಹೂವು ಹೊರಗೇ ಬಾಗಬೇಕು. ನೋಟಕ್ಕೆ ಭರ್ಜರಿಯಾದ ಈ ಪಾತ್ರೆ ಹಿಡಿತದಲ್ಲಿ ತುರ್ಕರ ಬಾಟಲಿಗಿಂತ ಸಡಿಲ.

ಇವಕ್ಕೆ ದೊಡ್ಡ ಪೋಷಕಿ ರಾಣಿ ಎರಡನೇ ಮೇರಿ. ಗಂಡ ಮೂರನೇ ವಿಲಿಯಮ್‌ನೊಂದಿಗೆ ಹಾಲೆಂಡಿನಿಂದ ಬಂದು 1689ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ಆಕೆ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಡೆಲ್ಫ್ಟ್‌ನಿಂದ ಹೂದಾನಿಗಳನ್ನು ತರಿಸಿಕೊಂಡಳು. ರಾಣಿಯ ಅಭಿರುಚಿ ಶ್ರೀಮಂತರಿಗೆ ಫ್ಯಾಷನ್ ಆಯಿತು; ಚಾಟ್ಸ್‌ವರ್ತ್, ಡೈರಂ ಪಾರ್ಕ್ ಬಂಗಲೆಗಳಲ್ಲಿ ಅವು ಇಂದಿಗೂ ಇವೆ. 'ಟ್ಯೂಲಿಪ್ ಹೂದಾನಿ' ಎಂಬ ಹೆಸರು ಮಾತ್ರ ಬಹಳ ಮುಂದೆ ಬಂದದ್ದು. ಬಳಕೆಯಲ್ಲಿದ್ದಾಗ ಅವುಗಳಲ್ಲಿ ಆಯಾ ಋತುವಿನ ಎಲ್ಲ ಹೂಗಳೂ ಇರುತ್ತಿದ್ದವು. ಬೇಸಿಗೆಯಲ್ಲಿ ಬೆಂಕಿಯಿಲ್ಲದೆ ಬಣಗುಡುವ ಅಗ್ಗಿಷ್ಟಿಕೆಯ ಬಾಯಿಗೆ ಹೂದಾನಿ ಇಡುವುದು ಆಗಿನ ಪದ್ಧತಿ, ಟ್ಯೂಲಿಪ್ಪಿನ ಕಾಲವೋ ಏಪ್ರಿಲ್, ಮೇ ಕಳೆದರೆ ಮುಗಿದೇ ಹೋಗುತ್ತದೆ.

ಅರಮನೆಯಿಂದ ದೂರದಲ್ಲಿ, ಉತ್ತರ ಇಂಗ್ಲೆಂಡಿನ ಕೈಕಸುಬಿನವರು ಇನ್ನೊಂದು ದಾರಿ ಹಿಡಿದರು. 1836ರಲ್ಲಿ ಶುರುವಾದ ವೇಕ್‌ಫೀಲ್ಡ್ ಟ್ಯೂಲಿಪ್ ಸಂಘದ ಸ್ಪರ್ಧೆಯಲ್ಲಿ ಕೊಯ್ದ ಹೂವನ್ನು ಇಡುವುದು ಕಂದು ಬಣ್ಣದ ಬಿಯರ್ ಬಾಟಲಿಯಲ್ಲಿ, ಬಾಟಲಿಗೆ ಒಂದರಂತೆ. ಸಂಘ ಈಗಲೂ ಇದೆ, ಬಾಟಲಿಯೂ ಬದಲಾಗಿಲ್ಲ. ಇಬ್ರಾಹಿಂ ಪಾಷಾನ ತೋಟದವರು ನೋಡಿದರೆ ಕೂಡಲೇ ಗುರುತು ಹಿಡಿಯುವಂಥ ಏರ್ಪಾಟು.

ಎಸಳು ಯಾಕೆ ತೆರೆದು ಮುಚ್ಚುತ್ತದೆ, ದಂಟು ಯಾಕೆ ಬಾಗುತ್ತದೆ ಎಂಬುದು ತಿಳಿದದ್ದು ಹತ್ತೊಂಬತ್ತು, ಇಪ್ಪತ್ತನೇ ಶತಮಾನಗಳಲ್ಲಿ. ಟ್ಯೂಲಿಪ್ ಮತ್ತು ಕ್ರೋಕಸ್ ಹೂಗಳು ಬೆಚ್ಚಗಾದಾಗ ಅರಳುವುದನ್ನು, ತಣ್ಣಗಾದಾಗ ಮುಚ್ಚುವುದನ್ನು ಜರ್ಮನಿಯ ವಿಲ್ಹೆಲ್ಮ್ ಫೆಫರ್ 1873ರಲ್ಲಿ ವಿವರಿಸಿದ. ಬಿಸಿಗೆ ಎಸಳಿನ ಒಳಮೈ ಬೇಗ ಬೆಳೆಯುತ್ತದೆ, ತಂಪಿಗೆ ಹೊರಮೈ. ಪ್ರತಿ ಸಲ ತೆರೆದು ಮುಚ್ಚಿದಾಗಲೂ ಎಸಳು ತುಸು ಉದ್ದವಾಗಿರುತ್ತದೆ, ಹೂವು ತುಸು ಮುಪ್ಪಾಗಿರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಟ್ಯೂಲಿಪ್ ಬಾಳುವುದಿಲ್ಲವೆಂಬ ಗೃಹಿಣಿಯರ ಅನುಭವಕ್ಕೆ ಇದೇ ಕಾರಣ. 1926ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ, ಬೆಳವಣಿಗೆಯನ್ನು ಪ್ರಚೋದಿಸುವ ವಸ್ತುವೊಂದು ಮೊಳಕೆಯ ತುದಿಯಿಂದ ಕೆಳಕ್ಕಿಳಿಯುತ್ತದೆಂದು ತೋರಿಸಿದ. ಅದಕ್ಕೆ ಮುಂದೆ ಆಕ್ಸಿನ್ ಎಂಬ ಹೆಸರಾಯಿತು. ಟ್ಯೂಲಿಪ್ಪಿನಲ್ಲಿ ಅದು ಬರುವುದು ಹೂವಿನಿಂದಲೇ. ಬೆಳಕಿಲ್ಲದ ಮಗ್ಗುಲಲ್ಲಿ ಹೆಚ್ಚು ಸೇರಿ ಆ ಬದಿಯನ್ನು ಬೇಗ ಬೆಳೆಸುತ್ತದೆ. ದಂಟು ಕಿಟಕಿಯತ್ತ ತಿರುಗುತ್ತದೆ. ಹೂವನ್ನು ಚಿವುಟಿದರೆ ಅದರ ಕೆಳಗಿನ ದಂಟಿನ ಓಟವೂ ನಿಲ್ಲುತ್ತದೆ.

ಅಷ್ಟರಲ್ಲಿ ಹಾಲೆಂಡಿನ ಬೆಳೆಗಾರರು ಹೂದಾನಿಗೆಂದೇ ಹೂ ಬೆಳೆಯತೊಡಗಿದ್ದರು. ಹಾರ್ಲೆಮ್‌ನ ಕ್ರೇಲಾಗೆ ಸಂಸ್ಥೆ 1889ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಮುಂದಿಟ್ಟ ಡಾರ್ವಿನ್ ಟ್ಯೂಲಿಪ್‌ಗಳು ಎತ್ತರದ, ಗಟ್ಟಿ ದಂಟಿನವು. ವಾಗೆನಿಂಗನ್‌ನಲ್ಲಿ ಬ್ಲಾವ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಗೆಡ್ಡೆಯೊಳಗೆ ಹೂವು ಮೂಡಲು ಯಾವ ತಿಂಗಳಲ್ಲಿ ಎಷ್ಟು ಉಷ್ಣತೆ ಬೇಕೆಂದು ಲೆಕ್ಕ ಹಾಕಿದ ಮೇಲೆ ಗಾಜಿನಮನೆಯಲ್ಲಿ ನಟ್ಟ ಚಳಿಗಾಲದಲ್ಲೂ ಟ್ಯೂಲಿಪ್ ಅರಳಿಸುವುದು ಕರಾರುವಾಕ್ಕಾದ ಕೆಲಸವಾಯಿತು. ಗೆಡ್ಡೆಗೆ ಮೊದಲು ಹಲವು ವಾರ ಚಳಿ, ಆಮೇಲೆ ಕೆಲವೇ ವಾರ ಬೆಚ್ಚನೆಯ ಗಾಳಿ. ಚಳಿ ಸಾಲದಿದ್ದರೆ ದಂಟು ಕುಳ್ಳು, ಹೆಚ್ಚಾದರೆ ಸಪೂರ. ಸುಣ್ಣದಂಶ ಕೊರತೆಯಾದರೆ ದಂಟಿನ ನಡುವೆ ನೀರೂರಿ ಹೂವು ಮುರಿದು ಬೀಳುತ್ತದೆ. ಪ್ರವಾಸಿಗರು ನೋಡುವ ಬಣ್ಣದ ಹೊಲಗಳಿಗೂ ಹೂದಾನಿಗೂ ಅಷ್ಟಾಗಿ ಸಂಬಂಧವಿಲ್ಲ. ಅಲ್ಲಿ ಬೆಳೆಯುವುದು ಗೆಡ್ಡೆ. ಗೆಡ್ಡೆ ದಪ್ಪವಾಗಲೆಂದು ಅರಳಿದ ಹೂವಿನ ತಲೆಯನ್ನು ಯಂತ್ರದಿಂದ ಕತ್ತರಿಸಿ ಚೆಲ್ಲುತ್ತಾರೆ.

ಮನೆಮದ್ದುಗಳ ಪಟ್ಟಿ ಉದ್ದವಿದೆ. ನೀರಿಗೆ ತಾಮ್ರದ ನಾಣ್ಯ, ಚಿಟಿಕೆ ಸಕ್ಕರೆ, ಆಸ್ಪಿರಿನ್ ಮಾತ್ರೆ, ಹೂವಿನ ಕೆಳಗೆ ಗುಂಡುಸೂಜಿಯ ಚುಚ್ಚು, ಗುಚ್ಛಕ್ಕೆ ಕಾಗದದ ಸುತ್ತು. ತಾಮ್ರ ಬ್ಯಾಕ್ಟೀರಿಯಾಗಳಿಗೆ ಕಂಟಕವೆಂಬುದು ನಿಜ, ಆದರೆ ಈಗಿನ ನಾಣ್ಯಗಳಲ್ಲಿ ತಾಮ್ರ ಬರೀ ಲೇಪ. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಉಣ್ಣುವವು ಆ ಬ್ಯಾಕ್ಟೀರಿಯಾಗಳೇ. ಕಾಗದದ ಉಪಾಯ ಮಾತ್ರ ಗಟ್ಟಿಯಾದದ್ದು. ದಂಟಿನ ಬುಡವನ್ನು ಹೊಸದಾಗಿ ಕತ್ತರಿಸಿ, ನೀರು ಸರಿಯಾಗಿ ಹೀರದ ಬಿಳಿಯ ಭಾಗ ಇದ್ದರೆ ತೆಗೆದುಹಾಕಿ, ಗುಚ್ಛವನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ, ತಣ್ಣನೆಯ ನೀರಿನಲ್ಲಿ ಕೆಲವು ತಾಸು ಕತ್ತಲಲ್ಲಿ ನಿಲ್ಲಿಸಬೇಕು. ಜೀವಕೋಶಗಳು ನೀರು ತುಂಬಿಕೊಂಡು ಬಿಗಿಯಾಗುವಾಗ ದಂಟು ಯಾವ ಭಂಗಿಯಲ್ಲಿರುತ್ತದೋ ಆ ಭಂಗಿಯಲ್ಲೇ ಗಟ್ಟಿಯಾಗುತ್ತದೆ. ಮುಂದಿನ ದಿನಗಳ ಬೆಳವಣಿಗೆಯನ್ನು ಕಾಗದ ತಡೆಯಲಾರದು. ಅದಕ್ಕೆಂದೇ ವ್ಯಾಪಾರಿಗಳು ಎಥೆಫಾನ್ ಎಂಬ, ಎಥಿಲೀನ್ ಬಿಡುಗಡೆ ಮಾಡುವ ರಾಸಾಯನಿಕದಲ್ಲಿ ದಂಟನ್ನು ಸ್ವಲ್ಪ ಹೊತ್ತು ಇಟ್ಟು ನೀಳುವಿಕೆಯನ್ನು ತಗ್ಗಿಸುತ್ತಾರೆ.

ಹೂದಾನಿಯಲ್ಲಿ ನೆರೆಹೊರೆಯೂ ಮುಖ್ಯ. ಡ್ಯಾಫೋಡಿಲ್ ಅಂದರೆ ನಾರ್ಸಿಸಸ್ ಹೂವಿನ ದಂಟನ್ನು ಕತ್ತರಿಸಿದಾಗ ಲೋಳೆ ಸುರಿಯುತ್ತದೆ. ಅದರಲ್ಲಿರುವ ಆಲ್ಕಲಾಯ್ಡ್‌ಗಳು ಅದೇ ನೀರಿನಲ್ಲಿರುವ ಟ್ಯೂಲಿಪ್ಪಿನ ಎಲೆಗಳನ್ನು ಬೇಗ ಹಳದಿಯಾಗಿಸುತ್ತವೆ. ಎರಡನ್ನೂ ಕೂಡಿಸಲೇಬೇಕಿದ್ದರೆ ಡ್ಯಾಫೋಡಿಲ್ಲನ್ನು ಒಂದು ರಾತ್ರಿ ಬೇರೆ ನೀರಿನಲ್ಲಿಟ್ಟು, ಲೋಳೆ ಇಳಿದ ಮೇಲೆ ದಂಟನ್ನು ಮತ್ತೆ ಕತ್ತರಿಸದೆ ಹೂದಾನಿಗೆ ಸೇರಿಸಬೇಕು. ಹದಿನೇಳನೇ ಶತಮಾನದ ಡಚ್ ಚಿತ್ರಗಳಲ್ಲಿ ನಾರ್ಸಿಸಸ್ಸೂ ಟ್ಯೂಲಿಪ್ಪೂ ಒಂದೇ ಪಾತ್ರೆಯಲ್ಲಿ ಹಾಯಾಗಿ ನಿಂತಿರುತ್ತವೆ. ಅಲ್ಲಿ ಅವು ಹಂಚಿಕೊಳ್ಳುವುದು ಎಣ್ಣೆಬಣ್ಣವನ್ನು, ನೀರನ್ನಲ್ಲ.