ಸಯಾನೋ, ಮೀಥೈಲ್, ಹೈಡ್ರಾಕ್ಸೋ: ಪುಣೆಯಿಂದ ನೋಡಿದ ಬಿ12

ಪುಣೆಯ ಔಷಧದಂಗಡಿಗಳಲ್ಲಿ ಬಿ12 ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಮೀಥೈಲ್‌ಕೋಬಾಲಮಿನ್, ಅದೂ 1500 ಮೈಕ್ರೋಗ್ರಾಂನದು. ಕೆಲವೊಮ್ಮೆ ಅದರ ಜೊತೆಗೆ ಪ್ರೀಗ್ಯಾಬಲಿನ್ ಅಥವಾ ಆಲ್ಫಾ ಲಿಪೊಯಿಕ್ ಆಮ್ಲವೂ ಸೇರಿಕೊಂಡು ಅದು ‘ನರದ ಮಾತ್ರೆ’ ಆಗಿರುತ್ತದೆ. ಇದೇ ಊರಿನ ಕೆಇಎಂ ಆಸ್ಪತ್ರೆಯ ಸಂಶೋಧಕರು ಸುತ್ತಲಿನ ಹಳ್ಳಿಯ ಕುಟುಂಬಗಳಿಗೆ ವರ್ಷವಿಡೀ ಕೊಟ್ಟು ನೋಡಿದ ಬಿ12 ದಿನಕ್ಕೆ 2 ಮೈಕ್ರೋಗ್ರಾಂ. ಒಂದಕ್ಕೊಂದು 750 ಪಟ್ಟು ಅಂತರ. ಗಿರಾಕಿಗಳು ಮಾತ್ರ ಈ ಅಂತರದ ಬಗ್ಗೆ ಕೇಳುವುದಿಲ್ಲ. ಅವರ ಪ್ರಶ್ನೆ ಬೇರೆ: ಮೀಥೈಲ್ ಒಳ್ಳೆಯದೋ, ಸಯಾನೋ ಒಳ್ಳೆಯದೋ? ಸಯಾನೋದಲ್ಲಿ ಸಯನೈಡ್ ಇದೆಯಂತೆ, ಹೌದೇ?

ಇದೆ, ಹೌದು. ಅದು ಅಲ್ಲಿಗೆ ಬಂದು ಸೇರಿದ ಕಥೆಯಿಂದಲೇ ಶುರುಮಾಡಬಹುದು.

ರಕ್ತ ಕ್ಷೀಣಿಸಿ ಸಾಯುತ್ತಿದ್ದ ರೋಗಿಗಳಿಗೆ ಪಿತ್ತಜನಕಾಂಗ ತಿನ್ನಿಸಿದರೆ ಬದುಕುತ್ತಾರೆಂದು ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ ತೋರಿಸಿದ್ದು 1926ರಲ್ಲಿ. ಎರಡು ವರ್ಷ ಕಳೆದು ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆ ಅವರ ವಿಷಯ. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಅದನ್ನು ವಾಸಿಮಾಡುವುದನ್ನು ಅವರು ಕಂಡರು. ಅದರಲ್ಲಿದ್ದದ್ದು ಫೋಲೇಟ್ ಎಂದು ಜಗತ್ತಿಗೆ ತಿಳಿಯಲು ಇನ್ನೂ ಹತ್ತಾರು ವರ್ಷ ಬೇಕಾಯಿತು. ಬಿ12 ಮತ್ತು ಫೋಲೇಟ್ ರಕ್ತದ ವಿಚಾರದಲ್ಲಿ ಅವಳಿಗಳಂತೆ ತೋರುತ್ತವೆ, ನರದ ವಿಚಾರದಲ್ಲಿ ಹಾಗಲ್ಲ. ಈ ಗೋಜಲು ಮುಂದೆ ಪುಣೆಯಲ್ಲಿ ಮತ್ತೆ ಎದುರಾಗುತ್ತದೆ.

ಪಿತ್ತಜನಕಾಂಗದ ಕೆಂಪು ಸತ್ವ, ಅಂದರೆ ಬಿ12, ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ, ಅಮೆರಿಕದ ಮರ್ಕ್‌ನಲ್ಲಿ ಮತ್ತು ಇಂಗ್ಲೆಂಡಿನ ಗ್ಲ್ಯಾಕ್ಸೋದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ. ಡೊರೊಥಿ ಹಾಡ್ಜ್‌ಕಿನ್ 1956ರ ಹೊತ್ತಿಗೆ ಎಕ್ಸ್-ರೇ ಬಳಸಿ ಅದರ ರಚನೆ ಬಿಡಿಸಿದರು. ನಡುವೆ ಒಂದು ಕೋಬಾಲ್ಟ್ ಪರಮಾಣು, ಅದರ ಮೇಲ್ತುದಿಗೆ ಒಂದು ಸಯಾನೋ ಗುಂಪು. ಆ ಸಯಾನೋ ದೇಹದಿಂದ ಬಂದದ್ದಲ್ಲ, ಶುದ್ಧೀಕರಣದ ದಾರಿಯಲ್ಲಿ ಅಂಟಿಕೊಂಡದ್ದು. ಅದು ಅಂಟಿದ್ದರಿಂದಲೇ ಅಣು ಗಟ್ಟಿಯಾಯಿತು. ಬೆಳಕನ್ನೂ ಬಿಸಿಯನ್ನೂ ತಕ್ಕಮಟ್ಟಿಗೆ ತಾಳಿಕೊಂಡಿತು, ಅಗ್ಗವಾಗಿ ತಯಾರಾಯಿತು. ಮುಂದಿನ ಮೂರು ದಶಕ ಜಗತ್ತು ನುಂಗಿದ್ದು, ಚುಚ್ಚಿಸಿಕೊಂಡದ್ದು ಬಹುಪಾಲು ಇದನ್ನೇ. 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಇರುವ ಸಯನೈಡ್ ಸುಮಾರು 20 ಮೈಕ್ರೋಗ್ರಾಂ. ಅಷ್ಟನ್ನು ಆರೋಗ್ಯವಂತ ದೇಹ ಸಲೀಸಾಗಿ ವಿಲೇವಾರಿ ಮಾಡುತ್ತದೆ.

ದೇಹ ನಿಜವಾಗಿ ಬಳಸುವ ರೂಪಗಳು ಬೇರೆ ಎಂಬುದು ಗೊತ್ತಾದದ್ದು ನಂತರ. 1958ರಲ್ಲಿ ಬರ್ಕ್ಲಿಯ ಬಾರ್ಕರ್ ಮತ್ತು ಸಂಗಡಿಗರು ಇಂದು ಅಡಿನೋಸಿಲ್‌ಕೋಬಾಲಮಿನ್ ಎನ್ನುವ ರೂಪವನ್ನು ಗುರುತಿಸಿದರು. ಮೀಥೈಲ್ ರೂಪದ ಕೆಲಸ ತಿಳಿದದ್ದು ಆಮೇಲೆ. ಮೀಥೈಲ್ ಜೀವಕೋಶದ ದ್ರವದಲ್ಲಿದ್ದು ಹೋಮೋಸಿಸ್ಟೀನನ್ನು ಮೆಥಿಯೋನಿನ್ ಆಗಿಸುತ್ತದೆ. ಅಡಿನೋಸಿಲ್ ಮೈಟೊಕಾಂಡ್ರಿಯಾದೊಳಗೆ ಮೀಥೈಲ್‌ಮಲೋನಿಕ್ ಆಮ್ಲದ ಸರಣಿಯನ್ನು ಮುಂದಕ್ಕೊಯ್ಯುತ್ತದೆ. ಜಪಾನಿನ ಎಸಾಯ್ ಸಂಸ್ಥೆ 1978ರಲ್ಲಿ ಮೀಥೈಲ್ ಮಾತ್ರೆಯನ್ನು ನರರೋಗದ ಔಷಧಿಯಾಗಿ ಮಾರುಕಟ್ಟೆಗೆ ತಂದಿತು. ‘ದೇಹ ಬಳಸುವ ರೂಪವನ್ನೇ ಕೊಡಿ’ ಎಂಬ ವಾದ ಕೇಳಲು ಸೊಗಸಾಗಿದೆ. ಭಾರತದಲ್ಲಿ ಅದು ಬೇರೂರಿದಷ್ಟು ಗಟ್ಟಿಯಾಗಿ ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಬೇರೂರಲಿಲ್ಲ. ಬ್ರಿಟನ್ನಿನಲ್ಲಿ ಇಂದಿಗೂ ಚುಚ್ಚುಮದ್ದು ಎಂದರೆ ಹೈಡ್ರಾಕ್ಸೋಕೋಬಾಲಮಿನ್. ಅದು ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ, ಎರಡು ಮೂರು ತಿಂಗಳಿಗೊಂದು ಸೂಜಿ ಸಾಕು.

ಆ ಸೊಗಸಾದ ವಾದಕ್ಕೆ ಜೀವಕೋಶದ ಬಾಗಿಲಲ್ಲೇ ಏಟು ಬೀಳುತ್ತದೆ. ಯಾವ ರೂಪದಲ್ಲಿ ನುಂಗಿದರೂ ಒಳಗೆ ಒಂದು ಪ್ರೋಟೀನು ಕೋಬಾಲ್ಟಿನ ಮೇಲ್ತುದಿಯ ಗುಂಪನ್ನು ಕಿತ್ತುಹಾಕುತ್ತದೆ. ಸಯಾನೋದ ಸಯಾನೋ ಹೋಗುತ್ತದೆ, ಮೀಥೈಲಿನ ಮೀಥೈಲೂ ಹೋಗುತ್ತದೆ. ಉಳಿದ ಬೋಳು ಕೋಬಾಲಮಿನ್‌ಗೆ ಕೋಶವೇ ತನಗೆ ಬೇಕಾದ ಗುಂಪನ್ನು ಮತ್ತೆ ತೊಡಿಸಿಕೊಳ್ಳುತ್ತದೆ. ಹೆಚ್ಚು ದುಡ್ಡು ಕೊಟ್ಟು ಕೊಂಡ ಮೀಥೈಲ್ ಗುಂಪು ನರಕ್ಕೆ ನೇರವಾಗಿ ತಲುಪುತ್ತದೆಂಬ ನಂಬಿಕೆಗೆ ಇಲ್ಲಿ ಜಾಗ ಕಡಿಮೆ. ಮೇಲಾಗಿ ಮೀಥೈಲ್ ಬೆಳಕಿಗೆ ಬೇಗ ಕೆಡುತ್ತದೆ.

ವಿಟಮಿನ್ ಇ ಈ ಮಾತಿಗೆ ಒಳ್ಳೆಯ ಎದುರು ಉದಾಹರಣೆ. ಅಲ್ಲಿ ರೂಪದ ಪ್ರಶ್ನೆ ನಿಜವಾದದ್ದು. ಗೋಧಿಯ ಮೊಳಕೆಯಿಂದಲೋ ಸೋಯಾದಿಂದಲೋ ಬಂದ ಆಲ್ಫಾ-ಟೋಕೋಫೆರಾಲ್ ಒಂದೇ ಬಗೆಯ ಅಣು; ಕಾರ್ಖಾನೆಯ ಸಂಶ್ಲೇಷಿತ ಇ ಎಂಟು ಬಗೆಯ ಕನ್ನಡಿ-ರೂಪಗಳ ಮಿಶ್ರಣ. ಪಿತ್ತಜನಕಾಂಗದ ಒಂದು ಪ್ರೋಟೀನು ಸಹಜ ರೂಪವನ್ನೇ ಆರಿಸಿ ರಕ್ತಕ್ಕೆ ಬಿಡುತ್ತದೆ. ಅಮೆರಿಕದ 2000ನೇ ಇಸವಿಯ ಲೆಕ್ಕದಂತೆ 400 ಯೂನಿಟ್ ಎಂದರೆ ಸಹಜದ್ದಾದರೆ 268 ಮಿಲಿಗ್ರಾಂ, ಸಂಶ್ಲೇಷಿತದ್ದಾದರೆ 180. ಹಾಗೆಂದು ಸಹಜ ರೂಪ ಹುಡುಕಿ ದಿನವೂ ನುಂಗಬೇಕೆಂದೇನೂ ಇಲ್ಲ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ 400 ಯೂನಿಟ್ ಸಂಶ್ಲೇಷಿತ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಪ್ರತಿಶತ ಹೆಚ್ಚಿತು. ಒಂದು ವಿಟಮಿನ್ನಿನ ನಿಯಮವನ್ನು ಇನ್ನೊಂದಕ್ಕೆ ಹೊಲಿಯುವುದು ಜಾಹೀರಾತಿನವರ ಅಭ್ಯಾಸ, ಅಷ್ಟೆ.

ಈಗ ಪುಣೆಗೆ. ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಕೆಇಎಂ ಆಸ್ಪತ್ರೆಯಿಂದ 1993ರಲ್ಲಿ ಆರು ಹಳ್ಳಿಗಳಲ್ಲಿ ಪುಣೆ ತಾಯಂದಿರ ಪೋಷಣೆಯ ಅಧ್ಯಯನ ಶುರುಮಾಡಿದಾಗ ಅವರ ಗುರಿ ಬಿ12 ಆಗಿರಲಿಲ್ಲ. ಸಣ್ಣ ತೂಕದಲ್ಲಿ ಹುಟ್ಟುವ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಏಕೆ ಹೆಚ್ಚು ಎಂಬುದು ಅವರ ಕುತೂಹಲ. ಆದರೆ ನಾರ್ವೆಯ ಹೆಲ್ಗಾ ರೆಫ್ಸುಮ್ ಅವರ ಜೊತೆ ಸೇರಿ ಪುಣೆಯ 204 ಜನರ ರಕ್ತ ನೋಡಿದಾಗ, 2001ರಲ್ಲಿ ಬಂದ ಆ ವರದಿಯ ಪ್ರಕಾರ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಬಿ12 ಕೊರತೆಯ ರಾಸಾಯನಿಕ ಗುರುತುಗಳು ಕಂಡವು. 2006ರಲ್ಲಿ ಹಳ್ಳಿ, ಕೊಳೆಗೇರಿ, ಮಧ್ಯಮವರ್ಗದ ಬಡಾವಣೆಗಳಿಂದ 441 ನಡುವಯಸ್ಸಿನ ಗಂಡಸರನ್ನು ಪರೀಕ್ಷಿಸಿದರು. 67 ಪ್ರತಿಶತ ಜನರಿಗೆ ಬಿ12 ಕಡಿಮೆ. ಬಡತನದ ರೋಗವೆಂದುಕೊಂಡರೆ ತಪ್ಪಾದೀತು: ನಗರದ ಮಧ್ಯಮವರ್ಗದಲ್ಲಿ ಅದು 81 ಪ್ರತಿಶತ.

ಕಾರಣ ಬಹಳ ಮಟ್ಟಿಗೆ ತಟ್ಟೆಯಲ್ಲೇ ಇದೆ. ಬಿ12 ಮಾಡುವುದು ಬ್ಯಾಕ್ಟೀರಿಯಾಗಳು ಮತ್ತು ಅವುಗಳ ದೂರದ ಬಳಗದ ಸೂಕ್ಷ್ಮಜೀವಿಗಳು ಮಾತ್ರ. ಸೊಪ್ಪು, ಕಾಳು, ಜೋಳದ ರೊಟ್ಟಿ ಯಾವುದರಲ್ಲೂ ಅದಿಲ್ಲ. ಹುಳಿ ಬಂದ ಇಡ್ಲಿ ಹಿಟ್ಟನ್ನು ನಂಬಿ ಕೂರುವಂತಿಲ್ಲ. ಹಾಲು, ಮೊಸರೇ ಸಸ್ಯಾಹಾರಿಯ ಆಸರೆ. ನಮ್ಮ ಮನೆಗಳ ಮಜ್ಜಿಗೆ ನೀರಾದಷ್ಟೂ ಅದರ ಬಿ12 ಕೂಡ ನೀರಾಗುತ್ತದೆ! ಸ್ಪಿರುಲಿನಾ ಪುಡಿಯಲ್ಲಿ ಬಿ12 ತುಂಬಿದೆ ಎಂದು ಮಾರುವವರಿದ್ದಾರೆ. ಅದರಲ್ಲಿರುವ ಬಹುಪಾಲು ಸೂಡೊ-ಬಿ12, ಮನುಷ್ಯನಿಗೆ ನಿಷ್ಪ್ರಯೋಜಕ. ತಪ್ಪು ರೂಪ ಎಂದು ಹೆದರುವುದಾದರೆ ಅದಕ್ಕೆ ಹೆದರಬೇಕು.

ಹೀಗೆ ತಿನ್ನುವುದರಲ್ಲೇ ಕೊರತೆಯಾದರೆ, ಹೀರುವ ಶಕ್ತಿ ಚೆನ್ನಾಗಿದ್ದರೆ, ಎಷ್ಟು ಕೊಟ್ಟರೆ ಸಾಕು? ಪುಣೆಯವರು ಆ ಹಳ್ಳಿಯ ಕುಟುಂಬಗಳಿಗೆ ಒಂದು ವರ್ಷ ದಿನಕ್ಕೆ 2 ಅಥವಾ 10 ಮೈಕ್ರೋಗ್ರಾಂ ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಪ್ರಮಾಣ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನನ್ನು ಹೆಚ್ಚುಕಡಿಮೆ ಒಂದೇ ರೀತಿ ಇಳಿಸಿದ್ದವು. ಇದರ ಹಿಂದೆ ಕರುಳಿನ ಲೆಕ್ಕವಿದೆ. ಜಠರ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಒಂದು ಸಲಕ್ಕೆ ಸುಮಾರು ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಹೊರಬಲ್ಲದು, ಆಮೇಲೆ ಕೆಲವು ತಾಸು ಬಿಡುವು ಬೇಕು. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಪಾಲು ಹಾಗೇ ಜಿನುಗಿ ಒಳಹೋಗುತ್ತದೆ. 1500 ಮೈಕ್ರೋಗ್ರಾಂ ನುಂಗಿದರೆ ದಕ್ಕುವುದು ಹದಿನೈದರ ಆಸುಪಾಸು. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಈ ಜಿನುಗೇ ಗತಿ. ಹಾಗಾಗಿ ಅವರಿಗೆ ದೊಡ್ಡ ಪ್ರಮಾಣ ಸರಿಯೇ. 1998ರ ಒಂದು ಅಮೆರಿಕನ್ ಪ್ರಯೋಗದಲ್ಲಿ ದಿನಕ್ಕೆ 2000 ಮೈಕ್ರೋಗ್ರಾಂ ಸಯಾನೋ ಮಾತ್ರೆ ಸೂಜಿಯಷ್ಟೇ ಕೆಲಸ ಮಾಡಿತ್ತು. ‘ಶಕ್ತಿ ಸೂಜಿ’ ಹಾಕಿಸಿಕೊಂಡರೇ ಸಮಾಧಾನ ಎನ್ನುವವರಿಗೆ ಇದು ರುಚಿಸುವ ಸುದ್ದಿಯಲ್ಲ.

ಪುಣೆಯ ಕಥೆಯಲ್ಲಿ ಅತಿ ಮುಖ್ಯ ತಿರುವು 2008ರದು. ಆ ಆರು ಹಳ್ಳಿಗಳ ಅಧ್ಯಯನದ ಗರ್ಭಿಣಿಯರಲ್ಲಿ ಮೂರನೇ ಎರಡು ಪಾಲು ಜನರಿಗೆ ಬಿ12 ಕಡಿಮೆ ಇತ್ತು, ಕೆಂಪು ರಕ್ತಕಣದ ಫೋಲೇಟ್ ಕಡಿಮೆ ಇದ್ದದ್ದು ಒಬ್ಬಳಿಗೆ ಮಾತ್ರ. ಅವರ ಮಕ್ಕಳನ್ನು ಆರನೇ ವಯಸ್ಸಿನಲ್ಲಿ ನೋಡಿದಾಗ ಇನ್ಸುಲಿನ್ ಪ್ರತಿರೋಧ ಅತಿ ಹೆಚ್ಚಿದ್ದದ್ದು ತಾಯಿಯ ಬಿ12 ಕಡಿಮೆಯಾಗಿ ಫೋಲೇಟ್ ಹೆಚ್ಚಿದ್ದ ಮನೆಗಳಲ್ಲಿ. ಮರುವರ್ಷವೇ ಮೈಸೂರಿನಿಂದ ಸಮಾನ ದನಿ ಬಂತು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ನೋಡಿದ 785 ಗರ್ಭಿಣಿಯರಲ್ಲಿ 43 ಪ್ರತಿಶತ ಜನರಿಗೆ ಬಿ12 ಕೊರತೆ. ಕೊರತೆಯಿದ್ದವರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಕೊಟ್ಟಾಗ ತಾಯಿಯ ರಕ್ತದಲ್ಲೂ ಎದೆಹಾಲಿನಲ್ಲೂ ಬಿ12 ಏರಿತು (2014). ಪುಣೆಯ ಪ್ರಿಯಾ ಪ್ರಯೋಗ ಇನ್ನೂ ಹಿಂದಕ್ಕೆ ಹೋಯಿತು: 2012ರಿಂದ ಹರೆಯದವರಿಗೇ, ಮದುವೆ-ಬಸಿರಿಗೆ ಮೊದಲೇ, ದಿನಕ್ಕೆ 2 ಮೈಕ್ರೋಗ್ರಾಂ. ಅವರ ಮಕ್ಕಳನ್ನು ಎರಡನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಬಿ12 ಮಾತ್ರ ಪಡೆದ ಗುಂಪಿನವರು ಗ್ರಹಿಕೆಯಲ್ಲೂ ಭಾಷೆಯಲ್ಲೂ ಮುಂದಿದ್ದರು. ಸಂಖ್ಯೆ ದೊಡ್ಡದಲ್ಲ, ಆದರೂ ಗಮನ ಕೊಡಬೇಕಾದ್ದು. ಈ ಯಾವ ಕೆಲಸದಲ್ಲೂ ಮೀಥೈಲೋ ಸಯಾನೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ.

ರೂಪ ನಿಜಕ್ಕೂ ಲೆಕ್ಕಕ್ಕೆ ಬರುವವರು ಕೆಲವರಿದ್ದಾರೆ. ಮೇಲ್ತುದಿಯ ಗುಂಪನ್ನು ಕೀಳುವ ಆ ಪ್ರೋಟೀನಿನಲ್ಲೇ ಹುಟ್ಟುದೋಷವಿರುವ ಮಕ್ಕಳಿಗೆ ಸಯಾನೋ ಪ್ರಯೋಜನಕ್ಕೆ ಬಾರದು, ಹೈಡ್ರಾಕ್ಸೋ ಸೂಜಿಯೇ ಬೇಕು. ಲೀಬರ್ ಎಂಬ ಆನುವಂಶಿಕ ಕಣ್ಣಿನ ನರರೋಗದವರು ಸಯಾನೋದಿಂದ ದೂರವಿರಬೇಕು. ಮೂತ್ರಪಿಂಡ ಸೋತ ಮಧುಮೇಹಿಗಳಿಗೆ ಸಯಾನೋ ಸಮೇತ ಭಾರಿ ಪ್ರಮಾಣದ ಬಿ ವಿಟಮಿನ್ ಕೊಟ್ಟ ಕೆನಡಾದ 2010ರ ಪ್ರಯೋಗದಲ್ಲಿ ಮೂತ್ರಪಿಂಡ ಇನ್ನೂ ಬೇಗ ಕುಸಿಯಿತು. ಇವರನ್ನು ಬಿಟ್ಟರೆ, ಮೆಟ್‌ಫಾರ್ಮಿನ್ ನುಂಗುವ ಮಧುಮೇಹಿಗೂ, ಕೈಕಾಲು ಜೋಮು ಹಿಡಿಯುವ ಸಸ್ಯಾಹಾರಿ ಅಜ್ಜಿಗೂ ಮುಖ್ಯವಾದದ್ದು ರಕ್ತಪರೀಕ್ಷೆ, ನಂತರ ಬಿಡದೆ ತೆಗೆದುಕೊಳ್ಳುವುದು. ಅಗ್ಗದ ಸಯಾನೋ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು.

ಸರ್ಕಾರ ಮಾತ್ರ ರೂಪದ ಪ್ರಶ್ನೆಯನ್ನು ಸದ್ದಿಲ್ಲದೆ ಬಗೆಹರಿಸಿದೆ. ಪಡಿತರದ ಬಲವರ್ಧಿತ ಅಕ್ಕಿಗೆ ಸೇರಿಸಬೇಕಾದ ಬಿ12 ಸಯಾನೋ ಅಥವಾ ಹೈಡ್ರಾಕ್ಸೋ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿದೆ. ಮೀಥೈಲ್ ಅಲ್ಲಿಲ್ಲ. ತಕರಾರಿರುವುದು ಪ್ರಮಾಣದ ಬಗ್ಗೆ. ಕಿಲೋ ಅಕ್ಕಿಗೆ 0.75ರಿಂದ 1.25 ಮೈಕ್ರೋಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಸಿಗುವುದು ಹೆಚ್ಚೆಂದರೆ 0.4 ಮೈಕ್ರೋಗ್ರಾಂ, ಪುಣೆಯ ಪ್ರಯೋಗದ 2 ಮೈಕ್ರೋಗ್ರಾಂ ಮುಟ್ಟಲು ಒಂದೂವರೆ ಕಿಲೋಗಿಂತ ಹೆಚ್ಚು ಅಕ್ಕಿ ಬೇಯಿಸಬೇಕು. ಅದೇ ಅಕ್ಕಿಯಲ್ಲಿ ಫೋಲಿಕ್ ಆಮ್ಲ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಇದೆ. ಆ ಆರು ಹಳ್ಳಿಗಳ ತಾಯಂದಿರಲ್ಲಿ ಕೊರತೆಯಿಲ್ಲದಿದ್ದದ್ದು ಫೋಲೇಟ್‌ಗೇ.